ಕರಿಯಕ್ಕನ ರಾಶಿ

ಕರಿಯಕ್ಕ ಕೆಲಸಕ್ಕೆ ಹೋಗುತ್ತೇನೆಂದು ಬಾಯಿಬಿಟ್ಟ ಸಂಜೆ ಒಲೆಯ ಮೇಲಿದ್ದ ಮುದ್ದೆ ಗಂಟುಗಂಟಾಯಿತು. ತಿರುವುತ್ತಿದ್ದವಳು ಸೊಸೆ ಶಿಲ್ಪ. ಅತ್ತೆಯ ಮಾತು ಕಿವಿಗೆ ಬಿದ್ದದ್ದೇ ಅವಳ ಕೈಯಲ್ಲಿದ್ದ ಕೋಲು ನಿಂತಿತು, ಹಿಟ್ಟು ತನ್ನ ಪಾಡಿಗೆ ತಾನು ಬೆಂದುಕೊಂಡಿತು.

“ಎಲ್ಲಿಗೋಯ್ತೀಯವ್ವ ಕೆಲ್ಸಕ್ಕೆ?” ಎಂದು ಮಗ ಜುಂಜೇಶ್ ಕೂಗಿ ಕೇಳಿದ. ಕೂಗಲೇಬೇಕಿತ್ತು. ಅರವತ್ತಾರು ವರ್ಷದ ಕರಿಯಕ್ಕನಿಗೆ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರ್ಧ ಉಳಿದಿತ್ತು. ಹಾಗಾಗಿ ಆ ಮನೆಯ ಗುಟ್ಟುಗಳೆಲ್ಲ ಹಟ್ಟಿಗೇ ಕೇಳುವಂತೆ ನಡೆಯುತ್ತಿದ್ದವು.

“ಗಿರಿಜಾಂಬಿಕಾ ಅಮ್ಮಾರ ಕೊಬ್ಬರಿ ಶೆಡ್ಡಿಗೆ. ವಯಸ್ಸಾದೋರೂ ಬರ್ಲಿ, ಕೈ ಪಳಗಿದ್ರೆ ಸಾಕು ಅಂದವ್ರಂತೆ.”

“ಯಾರೇಳಿದ್ರು ನಿಂಗೆ?”

ಕರಿಯಕ್ಕ ಸೊಸೆಯ ಕಡೆ ನೋಡಿದಳು. ಸೊಸೆ ಮುದ್ದೆಯ ಕಡೆ ನೋಡಿದಳು. ಶಿಲ್ಪ ಚಿಕ್ಕನಾಯಕನಹಳ್ಳಿಯ ಬಸ್‌ಸ್ಟ್ಯಾಂಡ್ ಹತ್ತಿರದ ಟೈಲರ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಅಳತೆ ಕೊಡಲು ಬಂದ ಗಿರಿಜಾಂಬಿಕಾ, “ಹುಡುಗೀರೆಲ್ಲ ಗಾರ್ಮೆಂಟ್ಸ್ ಬಸ್ ಹತ್ತಿಬಿಟ್ರು ಕಣ್ರೀ, ಕೊಬ್ಬರಿ ಕೆಲಸ ಗೊತ್ತಿರೋರು ಒಬ್ರೂ ಸಿಗ್ತಿಲ್ಲ” ಎಂದು ಗೋಳಾಡಿದ್ದನ್ನು ಅವಳೇ ಮನೆಗೆ ಬಂದು ಸುಮ್ಮನೆ ಹೇಳಿದ್ದಳು. ಅದು ಇಷ್ಟು ದೂರ ಬರುತ್ತದೆಂದು ಅವಳಿಗೆ ಗೊತ್ತಿದ್ದರೆ ಬಾಯಿಗೆ ಹೊಲಿಗೆ ಹಾಕಿಕೊಳ್ಳುತ್ತಿದ್ದಳು.

ಹೊಸ್ತಿಲ ಹತ್ತಿರ ಕೂತಿದ್ದ ಗಂಡ ಕ್ಯಾತಪ್ಪ ಕೆಮ್ಮಿದ. ಮೂರು ವರ್ಷದ ಹಿಂದೆ ಕುರಿ ಮಂದೆ ಮಾರಿದವನು, ಉಳಿಸಿಕೊಂಡ ನಾಲ್ಕು ಕುರಿಗೆ ಸೊಪ್ಪು ಕಟ್ಟುವುದನ್ನೇ ದೊಡ್ಡ ಉದ್ಯೋಗ ಮಾಡಿಕೊಂಡಿದ್ದ. “ಉಣ್ಣಾಕಿಲ್ವಾ ಮನೇಲಿ?” ಎಂದ.

“ಉಣ್ಣಾಕೈತೆ. ಉಂಡು ಗ್ವಾಡೆ ನೋಡ್ಕಂಡು ಕೂರಾಕೆ ನನ್ ಕೈಲಾಗಲ್ಲ. ನಲವತ್ತು ವರ್ಷ ಕೊಬ್ಬರಿ ಒಡೆದಿರೋ ಕೈಯಿದು. ಎರಡು ವರ್ಷದಿಂದ ಸೊಪ್ಪು ಸೋಸ್ತಾ ಐತೆ.”

ಎರಡು ವರ್ಷದ ಹಿಂದಿನ ತನಕ ಕೊಬ್ಬರಿ ಕಾಲ ಬಂತೆಂದರೆ ಬಿಳಿಗೆರೆ, ಹುಳಿಯಾರು, ಎಲ್ಲಿ ಅಟ್ಟದಿಂದ ಕಾಯಿ ಇಳಿಸಿದರೂ ಕರಿಯಕ್ಕ ಇರಲೇಬೇಕಿತ್ತು. ವರ್ಷಗಟ್ಟಲೆ ಅಟ್ಟದಲ್ಲಿ ಒಣಗಿದ ಕಾಯಿಯ ಚಿಪ್ಪು ಒಡೆದು, ಒಳಗಿನ ಕೊಬ್ಬರಿ ಗಿಟುಕನ್ನು ಒಂದು ಗೀರೂ ಬೀಳದಂತೆ ಇಡಿಯಾಗಿ ತೆಗೆಯುವುದು ಅವಳ ಕೆಲಸ. ಆಮೇಲೆ ಹೊಸ ಮೇಸ್ತ್ರಿ ಬಂದ. ಒಂದು ದಿನ ಅವನು ಹಿಂದಿನಿಂದ ಮೂರು ಸಲ ಕೂಗಿದ್ದು ಇವಳಿಗೆ ಕೇಳಿಸಲಿಲ್ಲ. ಮಾರನೆಯ ದಿನ ಕೆಲಸದವರನ್ನು ಕರೆದೊಯ್ಯುವ ವ್ಯಾನು ಹಟ್ಟಿಯ ಮುಂದೆ ನಿಲ್ಲಲಿಲ್ಲ. ಅವತ್ತು ಬುತ್ತಿ ಕಟ್ಟಿಕೊಂಡು ರಸ್ತೆಯಲ್ಲಿ ಹತ್ತು ಗಂಟೆಯವರೆಗೂ ನಿಂತಿದ್ದದ್ದನ್ನು ಕರಿಯಕ್ಕ ಮರೆತಿರಲಿಲ್ಲ. ಅವಮಾನ ಅಂದರೆ ಅದೇ ಎಂದು ಅವಳು ಲೆಕ್ಕ ಹಾಕಿಟ್ಟುಕೊಂಡಿದ್ದಳು.

“ಕಿವಿ ಕೇಳದೋಳ್ನ ಯಾರು ಇಟ್ಕತಾರೆ ಬುಡವ್ವ” ಎಂದ ಜುಂಜೇಶ್. ಈ ಮಾತನ್ನು ಮಾತ್ರ ಅವನು ಮೆಲ್ಲಗೆ ಹೇಳಿದ. ಅದು ಅವಳಿಗೆ ಕೇಳಿಸಲಿಲ್ಲ, ಅಥವಾ ಕೇಳಿಸದವಳಂತೆ ಗಂಟು ಮುದ್ದೆಯನ್ನು ಸಾರಿಗೆ ಅದ್ದಿದಳು.

ಸೋಮವಾರ ಎಂಟೂವರೆ ಬಸ್ಸಿಗೆ ಅವಳು ಹೊರಟೇಬಿಟ್ಟಳು. ಸೆರಗನ್ನು ತಲೆಯ ಮೇಲಿಂದ ತಂದು ಬಲಗಿವಿ ಮುಚ್ಚುವಂತೆ ಸಿಕ್ಕಿಸಿಕೊಂಡಿದ್ದಳು.

ಶೆಡ್ಡು ತಿಪಟೂರು ರಸ್ತೆಯಲ್ಲಿತ್ತು. ಗಿರಿಜಾಂಬಿಕಾಗೆ ನಲವತ್ತೈದರ ಆಸುಪಾಸು, ಅಪ್ಪನಿಂದ ಬಂದ ವ್ಯಾಪಾರವನ್ನು ಹಟ ಹಿಡಿದು ನಡೆಸುತ್ತಿದ್ದ ಹೆಂಗಸು. ಕರಿಯಕ್ಕ ಅವಳ ಬಲಗಡೆಗೆ ಹೋಗಿ, ತನ್ನ ಎಡಗಿವಿ ಅವಳ ಬಾಯಿಗೆ ಹತ್ತಿರವಾಗುವಂತೆ ನಿಂತಳು. ಗಿರಿಜಾಂಬಿಕಾ ರಾಶಿಯಿಂದ ಮೂರು ಸುಲಿದ ಕಾಯಿ ಎತ್ತಿ ಕೊಟ್ಟಳು.

“ಯಾವ್ದು ಒಣಗಿದೆ ಹೇಳಿ ನೋಡೋಣ, ಕರಿಯಕ್ಕ.”

ಈ ಊರುಗಳಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ಪರೀಕ್ಷೆ ಅದು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಿಟುಕು ಚಿಪ್ಪಿನಿಂದ ಬಿಟ್ಟಿದ್ದರೆ ಲೊಡಲೊಡ ಅನ್ನುತ್ತದೆ, ಒಡೆಯಬಹುದು. ಇಲ್ಲದಿದ್ದರೆ ಇನ್ನೂ ಹಸಿ, ಮತ್ತೆ ಅಟ್ಟಕ್ಕೆ ಹೋಗಬೇಕು. ಕರಿಯಕ್ಕ ಒಂದೊಂದನ್ನೂ ಕಿವಿಯ ತನಕ ಎತ್ತಿ ಅಲ್ಲಾಡಿಸಿದಳು. “ಇದು ಒಣಗೈತೆ. ಇದೂವೆ. ಇದು ಹಸಿ, ಒಂದು ಗುಟುಕು ನೀರೈತೆ” ಎಂದಳು. ಮೂರೂ ಸರಿಯಾಗಿತ್ತು.

“ಒಂದು ತಿಂಗಳು ನೋಡೋಣ. ಸರಿಹೋದ್ರೆ ಖಾಯಂ ಮಾಡ್ಕೋತೀನಿ.”

“ಕುಕ್ಕರಗಾಲಲ್ಲಿ ಕೂರಾಕಾಗಲ್ಲ ಅಮ್ಮಾರೆ, ಮಂಡಿ ನೋವು. ಒಂದು ಸ್ಟೂಲ್ ಕೊಡಿ. ನಾಲ್ಕೂವರೆ ಬಸ್ಸಿಗೆ ಬುಟ್‌ಬುಡಿ. ಕೆಲ್ಸದಾಗೆ ನಾನು ಕಮ್ಮಿ ಮಾಡಲ್ಲ.”

ಮಂಡಿ ನೋವನ್ನು ಹೇಳಿದಳು, ಕಿವಿಯ ವಿಷಯ ಹೇಳಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಹೇಳದ ಅದೊಂದು ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಚುಚ್ಚಿತು. ಆದರೂ ಖುಷಿಯೇ ಜಾಸ್ತಿಯಾಗಿತ್ತು.

ಕಷ್ಟ ಶುರುವಾದದ್ದು ಮನೆಯಲ್ಲಿ. ಬೆಳಿಗ್ಗೆ ಕಸ, ಕೊಟ್ಟಿಗೆ, ಸೊಪ್ಪು, ಸಾರು, ಮುದ್ದೆ, ಎಂಟನೇ ಕ್ಲಾಸಿನ ಮಗಳು ಶಶಿಯ ಜಡೆ, ಎಲ್ಲವೂ ಶಿಲ್ಪಳ ತಲೆಗೆ ಬಿದ್ದವು. ಹತ್ತು ಗಂಟೆಗೆ ಅಂಗಡಿಯಲ್ಲಿ ಮಿಷನ್ ಮುಂದೆ ಕೂತರೆ ನಿದ್ದೆ ಬರುತ್ತಿತ್ತು. ಎರಡನೆಯ ವಾರದಲ್ಲಿ ಯಾರದೋ ರವಿಕೆಗೆ ಎರಡೂ ಎಡತೋಳು ಕೂರಿಸಿ ಬೈಸಿಕೊಂಡು ಬಂದಳು. ಬಂದವಳೇ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು.

“ಅತ್ತೆ, ನಿಮ್ಗೆ ಕೆಲ್ಸ ಬೇಕಾದ್ರೆ ಮಾಡ್ಕಳಿ. ನಂಗೇನು ನಾಲ್ಕು ಕೈ ಅವಾ?”

“ನಾನು ಬಂದ ಮ್ಯಾಲೆ ಮಾಡ್ತೀನಲ್ಲವ್ವ.”

“ನೀವು ಬಂದ್ಮೇಲೆ ಸರಿ. ಬೆಳಿಗ್ಗೆ?”

“ಅದಕ್ಕೇ ನಾನೇಳಿದ್ದು, ಅವ್ವ ಮನೇಲಿರ್ಲಿ ಅಂತ” ಎಂದ ಜುಂಜೇಶ್, ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು ಏಳುತ್ತ.

ಶಿಲ್ಪ ಗಂಡನ ಕಡೆ ತಿರುಗಿದಳು. ಅತ್ತೆಯ ಮೇಲಿದ್ದ ಸಿಟ್ಟು ದಾರಿ ಬದಲಿಸಿತು. “ಅವ್ರು ಮನೇಲಿದ್ರೆ ನಿಮ್ ತಟ್ಟೆ ತೊಳೀತಾರೆ, ಅದಕ್ಕಾ? ದುಡಿಯೋದು ತಪ್ಪು ಅಂತ ನಾನೇಳ್ಲಿಲ್ಲ. ಈ ಮನೇಲಿ ಇಬ್ರು ಗಂಡಸ್ರು ಅವ್ರೆ ಅಂತ ಜ್ಞಾಪಿಸ್ದೆ.”

ಕ್ಯಾತಪ್ಪ ನಿಧಾನಕ್ಕೆ ಎದ್ದು ಕುರಿಯ ಕಡೆ ಹೊರಡಲು ನೋಡಿದ. ಮೊಮ್ಮಗಳು ಅಡ್ಡ ನಿಂತಳು. “ತಾತ, ಮಂದೆ ಜೊತೆ ಹೋದಾಗ ಅಡವೀಲಿ ನೀನೇ ಮುದ್ದೆ ಮಾಡ್ಕತಿದ್ದೆ ಅಂತ ಕತೆ ಹೊಡೀತಿದ್ದೆ?”

“ಅದು ಅಡವೀಲಿ ಕಣವ್ವ.”

“ಅಡವೀಲಿ ರಾಗಿ ಬೇರೆನಾ?”

ಮಾರನೆಯ ಬೆಳಿಗ್ಗೆ ಎಪ್ಪತ್ತು ವರ್ಷದ ಕ್ಯಾತಪ್ಪ ಪಂಚೆ ಎತ್ತಿ ಕಟ್ಟಿ, ಪಾತ್ರೆಯನ್ನು ಎರಡು ಪಾದದ ನಡುವೆ ಇಟ್ಟುಕೊಂಡು ಮುದ್ದೆ ತಿರುವಿದ. ಮೊದಲ ದಿನ ಅಂಬಲಿಯಾಯಿತು, ಎರಡನೆಯ ದಿನ ಕಲ್ಲಾಯಿತು. ಮೂರನೆಯ ದಿನದ ಮುದ್ದೆಯನ್ನು ಉಂಡ ಶಿಲ್ಪ, “ಪರ್ವಾಗಿಲ್ಲ ಮಾವ” ಎಂದಳು. ಅವತ್ತು ಸಂಜೆ ಕ್ಯಾತಪ್ಪ ಪಕ್ಕದ ಮನೆಯ, ಹಿಂದೆ ಕರಿಯಕ್ಕನ ಜೊತೆ ಕೊಬ್ಬರಿ ಒಡೆಯುತ್ತಿದ್ದ ಭೈರಮ್ಮನ ಹತ್ತಿರ ಹಿಟ್ಟಿಗೆ ಎಷ್ಟು ನೀರಿಡಬೇಕೆಂದು ಅರ್ಧ ಗಂಟೆ ಪಾಠ ಮಾಡಿದ. ಭೈರಮ್ಮ ಐವತ್ತು ವರ್ಷದಿಂದ ಮುದ್ದೆ ಮಾಡುತ್ತಿದ್ದವಳು. ಪಾಪ, ಸುಮ್ಮನೆ ಕೇಳಿಸಿಕೊಂಡಳು.

ಮನೆ ಹೀಗೆ ಒಂದು ದಾರಿಗೆ ಬಂದರೂ ಜುಂಜೇಶನ ಮನಸ್ಸು ಬರಲಿಲ್ಲ. ಅವನು ಲಗೇಜ್ ಆಟೋ ಓಡಿಸುತ್ತಿದ್ದ. ಸ್ಟ್ಯಾಂಡಿನಲ್ಲಿ ಬೆಟ್ಟಸ್ವಾಮಿ ಎಂಬ ಇನ್ನೊಬ್ಬ ಡ್ರೈವರ್ ಇದ್ದ. ನಾಲಗೆಗೆ ಬ್ರೇಕಿಲ್ಲದವನು.

“ಏನ್ಲಾ ಜುಂಜ, ಅವ್ವನ್ನ ಕೂಲಿಗೆ ಕಳ್ಸಿ ನೀನಿಲ್ಲಿ ಟೀ ಕುಡೀತಿದ್ದೀಯಾ? ನಡೆಸ್ಲಾ, ನಡೆಸು.”

ನಾಲ್ಕು ಜನ ನಕ್ಕರು. ಜುಂಜೇಶನ ಟೀ ಅಲ್ಲೇ ಉಳಿಯಿತು. ಬೆಟ್ಟಸ್ವಾಮಿಯ ಬಾಯಿ ಮುಚ್ಚಿಸುವ ಬದಲು ಅವ್ವನ ಕೆಲಸ ಬಿಡಿಸುವುದು ಸುಲಭ ಎಂದು ಅವನಿಗೆ ಅನ್ನಿಸಿತು. ಅವಳಿಗೆ ನೇರವಾಗಿ ಹೇಳಿದರೆ ಕೇಳುವವಳಲ್ಲ. ಕೆಲಸ ಕೊಟ್ಟವರಿಗೇ ಹೇಳಿದರೆ? ಅವನು ಕೆಟ್ಟವನಲ್ಲ, ಆದರೆ ಆ ದಿನ ಯೋಚಿಸಿದ್ದು ಕೆಟ್ಟದ್ದೇ.

ಅತ್ತ ಶೆಡ್ಡಿಗೆ ಮೂರನೆಯ ವಾರ ಕಾಯಿ ಸುಲಿಯುವ ಮಿಷನ್ ಬಂದಿತ್ತು. ಮಟ್ಟೆಯನ್ನು ಗಳಿಗೆಯಲ್ಲಿ ಕಿತ್ತು ಬಿಸಾಡುತ್ತಿತ್ತು, ನಿಜ. ಆದರೆ ಅದರ ಗದ್ದಲಕ್ಕೆ ತಗಡಿನ ಸೂರು ನಡುಗುತ್ತಿತ್ತು. ಕೆಲಸದ ನಾಲ್ಕು ಹೆಂಗಸರೂ ಒಬ್ಬರ ಮಾತು ಒಬ್ಬರಿಗೆ ಕೇಳದೆ ಕೈಸನ್ನೆ ಮಾಡುತ್ತಿದ್ದರು. ಕರಿಯಕ್ಕನಿಗಂತೂ ಅದು ನೆಮ್ಮದಿಯ ಕಾಲ. ಯಾರಾದರೂ ಕೂಗಿದರೋ ಏನೋ ಎಂದು ಕತ್ತು ಹೊರಳಿಸುತ್ತ ಕೂರುವುದು ತಪ್ಪಿತು.

ನಾಲ್ಕನೆಯ ವಾರದಲ್ಲಿ ಕೊಬ್ಬರಿ ಮಂಡಿಯಿಂದ ಎರಡು ಚೀಲ ಹಿಂದಕ್ಕೆ ಬಂದವು. ಒಣಗಿದ ಗಿಟುಕಿನ ನಡುವೆ ಹಸಿಯವು ಸೇರಿಕೊಂಡು ಬೂಷ್ಟು ಹಿಡಿದಿತ್ತು. ಅಪ್ಪನ ಕಾಲದಿಂದ ಒಂದು ಚೀಲವೂ ಹೀಗೆ ಬಂದಿರಲಿಲ್ಲ. ಗಿರಿಜಾಂಬಿಕಾ ಮುಖ ಕೆಂಪಗೆ ಮಾಡಿಕೊಂಡು, ನಾಲ್ವರೂ ಒಡೆದ ಕೊಬ್ಬರಿಯನ್ನು ಬೇರೆಬೇರೆ ರಾಶಿ ಹಾಕಬೇಕೆಂದು ಹೇಳಿದಳು. ಮೂರು ದಿನ ತಾನೇ ಕೂತು ಒಂದೊಂದನ್ನೂ ಹಿಸುಕಿ ನೋಡಿದಳು. ಮೂರು ರಾಶಿಯಲ್ಲಿ ಹಸಿ ಸಿಕ್ಕಿತು. ಕರಿಯಕ್ಕನ ರಾಶಿಯಲ್ಲಿ ಒಂದೂ ಸಿಗಲಿಲ್ಲ. ಅದು ಹೇಗೆಂದು ಗಿರಿಜಾಂಬಿಕಾಗೆ ಬಗೆಹರಿಯಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಜುಂಜೇಶ್ ಶೆಡ್ಡಿನ ಬಾಗಿಲಲ್ಲಿ ಆಟೋ ನಿಲ್ಲಿಸಿದ.

“ಮೇಡಂ, ನಾನು ಕರಿಯಕ್ಕನ ಮಗ. ಒಂದು ಮಾತು ಹೇಳ್ಬೇಕಿತ್ತು. ನಮ್ಮವ್ವಂಗೆ ಕಿವಿ ಕೇಳಲ್ಲ. ನಿಮ್ಗೆ ಹೇಳಿರಕ್ಕಿಲ್ಲ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಗೂ ಕೆಟ್ಟೆಸ್ರು. ಬುಡ್ಸಿಬುಡಿ.”

“ಕಿವಿ ಕೇಳಲ್ವಾ? ತಾವು ಒಡೆಯೋ ಕಾಯಿ ಅಲ್ಲಾಡಿಸಿ ಆರ್ಸೋರು ಅವರೇ ಅಲ್ವೇನ್ರೀ?”

“ಒಂದು ಕಿವಿ ಪೂರ್ತಿ ಇಲ್ಲ. ಇನ್ನೊಂದು ಅರೆಬರೆ.”

ಗಿರಿಜಾಂಬಿಕಾ ಒಳಗೆ ಹೋಗಿ, ಮಿಷನ್ ನಿಲ್ಲಿಸಿ, ಕರಿಯಕ್ಕನ ಬಲಗಡೆ ನಿಂತು ಹೆಸರು ಹಿಡಿದು ಕೂಗಿದಳು. ಕರಿಯಕ್ಕ ತಲೆಯೆತ್ತಲಿಲ್ಲ. ಭುಜ ಮುಟ್ಟಿದಾಗ ತಿರುಗಿದವಳು ಮೊದಲು ಯಜಮಾನಿಯನ್ನು ನೋಡಿದಳು, ಆಮೇಲೆ ಬಾಗಿಲಲ್ಲಿ ನಿಂತ ಮಗನನ್ನು ನೋಡಿದಳು. ಎಲ್ಲ ಅರ್ಥವಾಯಿತು. ಅವಳ ಕೈಯಲ್ಲಿದ್ದ ಮಚ್ಚು ಮೆಲ್ಲಗೆ ಮಡಿಲಿಗೆ ಇಳಿಯಿತು. ಬುತ್ತಿ ಕಟ್ಟಿಕೊಂಡು ರಸ್ತೆಯಲ್ಲಿ ನಿಂತ ಆ ಬೆಳಿಗ್ಗೆ ಮತ್ತೆ ಬಂದಂತಾಯಿತು. ಈ ಸಲ ಅದನ್ನು ತಂದವನು ಹೆತ್ತ ಮಗ.

ಉಳಿದ ಹೆಂಗಸರು ಕೈ ನಿಲ್ಲಿಸಿ ಇತ್ತ ನೋಡಿದರು.

“ಹೂಂ ಅಮ್ಮಾರೆ, ನಂಗೆ ಕೇಳ್ಸಲ್ಲ” ಎಂದಳು ಕರಿಯಕ್ಕ, ಯಜಮಾನಿ ಕೇಳುವ ಮೊದಲೇ. “ನಿಮ್ಗೆ ಹೇಳ್ದೆ ಇದ್ದದ್ದು ತಪ್ಪು. ಹೇಳಿದ್ರೆ ಒಳಕ್ಕೆ ಬಿಡ್ತಿದ್ರಾ, ನೀವೇ ಹೇಳಿ.”

“ಕಾಯಿ ಹೆಂಗೆ ನೋಡ್ತೀರಿ ಮತ್ತೆ?” ಗಿರಿಜಾಂಬಿಕಾ ಎಡಗಡೆಗೆ ಬಂದು ಜೋರಾಗಿ ಕೇಳಿದಳು.

“ಕೈಯಾಗೆ. ಗಿಟುಕು ಬಿಟ್ಟಿದ್ರೆ ಅಂಗೈಗೆ ಗುದ್ತದೆ. ನೀರಿದ್ರೆ ಒಂದು ಕಡೀಕೆ ಎಳೀತದೆ. ಕಿವಿ ಹೋಗಿ ಆರು ವರ್ಷ ಆಯ್ತು. ಕಿವಿ ಹತ್ರ ಹಿಡಿಯೋದು ಸುಮ್ನೆ ನೋಡೋರಿಗೆ.”

ಗಿರಿಜಾಂಬಿಕಾ ಏನೋ ಹೊಳೆದವಳಂತೆ ನಿಂತಳು. “ಮಿಷನ್ ಹಾಕ್ರಿ” ಎಂದಳು. ಗದ್ದಲ ಮತ್ತೆ ಶುರುವಾಯಿತು. ಹತ್ತು ಕಾಯಿ ಎಣಿಸಿ ಕರಿಯಕ್ಕನ ಮುಂದಿಟ್ಟಳು. ಕರಿಯಕ್ಕ ಒಂದೊಂದನ್ನೂ ಎದೆಯ ಮಟ್ಟದಲ್ಲೇ ಹಿಡಿದು ಎರಡು ಸಲ ಕುಲುಕಿ, ಏಳನ್ನು ಈ ಕಡೆ, ಮೂರನ್ನು ಆ ಕಡೆ ಇಟ್ಟಳು. ಗಿರಿಜಾಂಬಿಕಾ ಮಚ್ಚನ್ನು ಜುಂಜೇಶನ ಕೈಗೆ ಕೊಟ್ಟು, ಒಡೆಯುವಂತೆ ಸನ್ನೆ ಮಾಡಿದಳು.

ಅವನು ಮೊದಲನೆಯದಕ್ಕೆ ಹಾಕಿದ ಏಟಿಗೆ ಚಿಪ್ಪಿನ ಜೊತೆ ಗಿಟುಕೂ ಎರಡು ಹೋಳಾಯಿತು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಕರಿಯಕ್ಕ ತಡೆಯಲಾರದೆ ಅವನ ಮಣಿಕಟ್ಟು ಹಿಡಿದು ತಿರುಗಿಸಿ, ಮಚ್ಚಿನ ಹಿಂಬದಿಯಿಂದ ಹೊಡೆಯುವುದನ್ನು ತೋರಿಸಿದಳು. ಅಷ್ಟು ಸಿಟ್ಟಿನಲ್ಲೂ ಕೊಬ್ಬರಿ ಹಾಳಾಗುವುದು ಅವಳಿಗೆ ಸಹಿಸಲಾಗಲಿಲ್ಲ. ಏಳೂ ಒಣಗಿದ್ದವು. ಆ ಕಡೆಯ ಮೂರರಲ್ಲಿ ಎರಡರಿಂದ ನೀರು ಜಿನುಗಿ ಜುಂಜೇಶನ ಪ್ಯಾಂಟಿನ ಮೇಲೆ ಬಿತ್ತು, ಮೂರನೆಯದು ಚಿಪ್ಪಿಗೆ ಅಂಟಿಕೊಂಡು ಕೂತಿತ್ತು.

ಗಿರಿಜಾಂಬಿಕಾ ಮಿಷನ್ ನಿಲ್ಲಿಸಿ ನಗಲು ಶುರುಮಾಡಿದಳು. “ಎರಡು ಚೀಲ ವಾಪಸ್ ಬಂದಿದ್ದು ಯಾಕೆ ಅಂತ ಈಗ ಗೊತ್ತಾಯ್ತು ನೋಡಿ. ಈ ಮಿಷನ್ ಬಂದ ದಿನದಿಂದ ನಾವೆಲ್ರೂ ಕಿವುಡ್ರೇ. ಕೇಳದೆ ಕೆಲಸ ಮಾಡೋದು ಕಲ್ತಿರೋರು ಇವರೊಬ್ರೇ.” ಆಮೇಲೆ ಜುಂಜೇಶನಿಗೆ, “ನೀವು ಬಂದು ಹೇಳಿದ್ದು ಒಳ್ಳೇದೇ ಆಯ್ತು ಕಣ್ರೀ. ನಿಮ್ಮಮ್ಮನ್ನ ನಾನು ಬಿಡಲ್ಲ” ಎಂದಳು.

ಮತ್ತೆ ಎಡಗಿವಿಯ ಹತ್ತಿರ ಬಾಗಿ ಕರಿಯಕ್ಕನಿಗೆ ಹೇಳಿದಳು. “ನಾಳೆಯಿಂದ ಆರ್ಸೋ ಕೆಲಸ ಪೂರ್ತಿ ನಿಮ್ದು. ಇವರಿಗೂ ಕಲಿಸಿ. ನಿಮ್ಮ ವಯಸ್ಸಿನೋರು, ಕೈ ಪಳಗಿದೋರು ಇನ್ನೂ ಯಾರಾದ್ರೂ ಇದ್ರೆ ಕರ್ಕೊಂಡ್ಬನ್ನಿ. ಅವರಿಗೂ ಸ್ಟೂಲ್ ನಾನು ತರಿಸ್ತೀನಿ.”

ಕರಿಯಕ್ಕ ಸೆರಗನ್ನು ಬಲಗಿವಿಯಿಂದ ತೆಗೆದು ಹೆಗಲ ಮೇಲೆ ಹಾಕಿಕೊಂಡಳು. ಸೆಕೆಗೆ ಅದು ಒಂದು ತಿಂಗಳಿಂದ ಹಿಂಸೆಯಾಗಿತ್ತು.

ನಾಲ್ಕೂವರೆಗೆ ಜುಂಜೇಶ್ ಆಟೋ ಬಾಗಿಲು ತೆಗೆದು ಕಾದ. ಅವಳು ಅವನ ಮುಂದೆಯೇ ನಡೆದುಹೋಗಿ ಬಸ್ಸು ಹತ್ತಿದಳು.

ಸುದ್ದಿ ಟೈಲರ್ ಅಂಗಡಿಗೆ ಮೊದಲೇ ತಲುಪಿತ್ತು. ಮನೆಗೆ ಬಂದ ಶಿಲ್ಪ ಗಂಡನನ್ನು ಬಾಗಿಲಲ್ಲೇ ಹಿಡಿದಳು. “ಹೆತ್ತವ್ಳ ಮೇಲೆ ಚಾಡಿ ಹೇಳಾಕೆ ಡೀಸೆಲ್ ಸುಟ್ಕಂಡು ಹೋಗಿದ್ರಂತೆ?”

“ಆ ಬೆಟ್ಟಸ್ವಾಮಿ…”

“ಬೆಟ್ಟಸ್ವಾಮಿ ನಿಮ್ಗೆ ಮುದ್ದೆ ಹಾಕ್ತಾನಾ?”

ಊಟಕ್ಕೆ ಕೂತರು. ಕ್ಯಾತಪ್ಪ ಮುದ್ದೆ ಕಟ್ಟಿ ತಟ್ಟೆಗಿಟ್ಟ. ಗಂಟಿಲ್ಲದ, ನುಣ್ಣಗಿನ ಮುದ್ದೆ, ಅವರೆಕಾಯಿ ಸಾರು. ಯಾರೂ ಹೊಗಳಲಿಲ್ಲವೆಂದು ಅವನಿಗೆ ಬೇಜಾರಾಯಿತು. ಕರಿಯಕ್ಕ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಶಶಿ ಅಪ್ಪನನ್ನು ಮೊಣಕೈಯಿಂದ ತಿವಿದಳು.

“ತಪ್ಪಾಯ್ತು ಕಣವ್ವ” ಎಂದ ಜುಂಜೇಶ್, ತಟ್ಟೆಗೆ ಹೇಳುವವನಂತೆ.

“ಏನಂದೆ?” ಕರಿಯಕ್ಕ ತಲೆಯೆತ್ತಿದಳು.

“ತಪ್ಪಾಯ್ತು ಅಂದೆ.”

“ಕೇಳ್ಸಲ್ಲ ಕಣ್ಲಾ ನಂಗೆ. ನೀನೇ ಹೋಗಿ ಹೇಳ್ಬಂದಿದ್ದೀಯಲ್ಲ, ಮರ್ತೋಯ್ತಾ?”

ಜುಂಜೇಶ್ ಅವಳ ಎಡಗಡೆಗೆ ಬಂದು ಕೂತ. ಅವನ ಕಣ್ಣು ತೇವವಾಗಿತ್ತು. ಉಸಿರೆಳೆದುಕೊಂಡು, ಹಟ್ಟಿಯ ಆ ಕೊನೆಗೆ ಕೇಳುವಂತೆ ಕೂಗಿದ. “ತಪ್ಪಾಯ್ತು ಕಣವ್ವೋ! ನೀನು ಕೆಲ್ಸಕ್ಕೋಗವ್ವ!”

ಹೊರಗೆ ನಾಲ್ಕು ಕುರಿಯೂ ಬೆದರಿ ಅರಚಿದವು. ಪಕ್ಕದ ಮನೆಯ ಭೈರಮ್ಮ ಬಾಗಿಲಿಗೆ ಬಂದಳು.

“ಏನ್ಲಾ ಜುಂಜೇಶ, ಏನ್ ತಪ್ಪು ಮಾಡ್ದೆ?”

ಅಷ್ಟು ದೂರದಿಂದ ಬಂದ ಆ ಮಾತು ಕರಿಯಕ್ಕನಿಗೆ ಹೇಗೆ ಕೇಳಿಸಿತೋ ಗೊತ್ತಿಲ್ಲ. ಶಿಲ್ಪ ಮಾತ್ರ ಅತ್ತೆಯ ಮುಖ ನೋಡಿ ತುಟಿ ಕಚ್ಚಿ ನಗು ತಡೆದಳು.

“ಏನಿಲ್ಲ ಬುಡೇ ಭೈರಿ” ಎಂದು ಕರಿಯಕ್ಕ ಕೂಗಿದಳು. “ನಿನ್ ಮಚ್ಚು ಅಟ್ಟದ ಮ್ಯಾಲೈತಾ? ಇಳಿಸಿ ಮಸೆ. ನಾಳೆ ಎಂಟೂವರೆ ಬಸ್ಸಿಗೆ ನನ್ಜೊತೆ ಬಾ. ಅಲ್ಲಿ ಸ್ಟೂಲ್ ಕೊಡ್ತಾರೆ.”

ಆಮೇಲೆ ಮಗನ ತಟ್ಟೆಯತ್ತ ನೋಡಿ, “ಉಣ್ಣು, ಆರೋಯ್ತದೆ” ಎಂದಳು. “ತಟ್ಟೆ ನೀನೇ ತೊಳ್ಕೊ.”